ಏನೂ ಆಗದಂತೆ ನೋಡುವ ಕೆಲಸ

ನನಗೆ ಕೆಲಸ ಸಿಕ್ಕಿತು ಎಂದು ಹೇಳಲು ಓಡಿ ಬಂದಾಗ ಹೆತ್ತೆ ಒಲೆಯ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನೀಲಗಿರಿಯ ನಮ್ಮ ಕಡೆ ಅಜ್ಜಿಯನ್ನು ಹೆತ್ತೆ ಎನ್ನುತ್ತೇವೆ.

"ಟೀಚರ್ ಕೆಲಸವಾ ಕೂಸೇ?"

"ಅಲ್ಲ ಹೆತ್ತೆ. ಟೀ ಫ್ಯಾಕ್ಟರಿಯಲ್ಲಿ. ಸೇಫ್ಟಿ ಆಫೀಸರ್."

"ಅಂದ್ರೆ ಏನು ಮಾಡ್ಬೇಕು?"

"ಯಾರಿಗೂ ಏನೂ ಆಗದಂತೆ ನೋಡ್ಕೋಬೇಕು."

ಹೆತ್ತೆ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಅದನ್ನು ದೇವರು ನೋಡ್ಕೊಳ್ತಾನೆ. ನಿನಗ್ಯಾಕೆ ಸಂಬಳ ಕೊಡ್ತಾರೆ?"

ಬಾಗಿಲಲ್ಲಿ ನಿಂತಿದ್ದ ಅಪ್ಪ ನಕ್ಕುಬಿಟ್ಟರು. ಅಪ್ಪನ ಹೆಸರು ಮಹಾಲಿಂಗಂ. ಕೊರಳಲ್ಲಿ ಲಿಂಗ, ಹೆಗಲ ಮೇಲೆ ಟವೆಲು, ಬೆಳಿಗ್ಗೆ ಪೂಜೆ ಮುಗಿಸದೆ ತೋಟಕ್ಕೆ ಇಳಿದವರಲ್ಲ. ನಮ್ಮ ಸಣ್ಣ ತೋಟದ ಎಲೆ ಹೋಗುತ್ತಿದ್ದದ್ದೂ ಕಟ್ಟಬೆಟ್ಟಿನ ಅದೇ ಫ್ಯಾಕ್ಟರಿಗೆ. ನಮ್ಮೂರ ಹಟ್ಟಿಯ ಅಂಚಿನಲ್ಲಿ ನಿಂತರೆ ಕೆಳಗೆ ಅದರ ತಗಡಿನ ಮಾಡು ಕಾಣುತ್ತಿತ್ತು. ಚಿಕ್ಕಂದಿನಿಂದ ನೋಡಿದ ಆ ಮಾಡಿನ ಕೆಳಗೆ ನನಗೊಂದು ಕುರ್ಚಿ ಸಿಗುತ್ತದೆ ಎಂದು ನಾನು ಅಂದುಕೊಂಡವಳೇ ಅಲ್ಲ.

ಅದು ತೊಂಬತ್ತೊಂಬತ್ತರ ಜನವರಿ. ಕೊಯಮತ್ತೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಅಲ್ಲೇ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಮಾಡಿದ್ದೆ. ತರಗತಿಯಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಆಮೇಲೆ ಕೆಲಸ ಹುಡುಕಿದ್ದೇ ಹುಡುಕಿದ್ದು. ಕೆಲಸದ ಜಾಹೀರಾತು ಬರುವ ಬುಧವಾರದ ಇಂಗ್ಲಿಷ್ ಪೇಪರಿಗಾಗಿ ಕೋತಗಿರಿ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ ಕಾಯುತ್ತಿದ್ದೆ. ಊಟಿಯ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿದ್ದೆ. ಕೊಯಮತ್ತೂರಿನ ಒಂದು ಫೌಂಡ್ರಿಯವರು ಸಂದರ್ಶನಕ್ಕೆ ಕರೆದು, ನಾನು ಒಳಗೆ ಕಾಲಿಟ್ಟ ಮೇಲೆ "ಹೇಮಾ ಅಂದ್ರೆ ನಾವು ಹೇಮಂತ್ ಅಂದ್ಕೊಂಡ್ವಿ" ಎಂದು ಕಾಫಿ ಕೊಟ್ಟು ಕಳಿಸಿದ್ದರು. ಇನ್ನೊಂದು ಕಡೆ, ಗಂಡಸರಿಗೆ ಹೆಲ್ಮೆಟ್ ಹಾಕ್ಕೊಳ್ಳಿ ಅಂತ ನೀನು ಹೇಳಿದ್ರೆ ಯಾರು ಕೇಳ್ತಾರಮ್ಮ ಎಂದರು. ಮನೆಯಲ್ಲಿ ಮದುವೆ ಮಾತು ಶುರುವಾಗಿತ್ತು.

ಕಟ್ಟಬೆಟ್ಟಿನ ಫ್ಯಾಕ್ಟರಿಗೆ ಇಂಥ ಹುದ್ದೆ ಬೇಕಾದದ್ದೂ ಒಂದು ತಮಾಷೆಯೇ. ಟೀ ಕೊಳ್ಳಲು ವಿದೇಶದಿಂದ ಬಂದ ಇಬ್ಬರು, ಎಲ್ಲ ನೋಡಿ ಮೆಚ್ಚಿ, ಹೊರಡುವಾಗ "ಇಲ್ಲಿ ಕೆಲಸಗಾರರ ಸುರಕ್ಷತೆ ಯಾರು ನೋಡ್ತಾರೆ?" ಎಂದು ಕೇಳಿದರಂತೆ. ಮ್ಯಾನೇಜರ್ ಗಿರಿಧರನ್ ತಡವರಿಸಿದರಂತೆ. ಅಷ್ಟು ಸಣ್ಣ ಫ್ಯಾಕ್ಟರಿಗೆ ಇಂಥ ಆಫೀಸರ್ ಇರಲೇಬೇಕೆಂಬ ಕಾನೂನೂ ಇರಲಿಲ್ಲ. ಆದರೂ ಒಂದು ವರ್ಷದ ಮಟ್ಟಿಗೆ ಒಬ್ಬರನ್ನು ಇಟ್ಟು ನೋಡೋಣ ಎಂದು ಪಾಲುದಾರರು ಒಪ್ಪಿದರು. ಸಂದರ್ಶನಕ್ಕೆ ನನ್ನ ಜೊತೆ ಇಬ್ಬರು ಬಂದಿದ್ದರು. ಒಬ್ಬರು ಸಂಬಳ ಕೇಳಿ ಎದ್ದು ಹೋದರು. ಇನ್ನೊಬ್ಬರು ಇರಲು ಕ್ವಾರ್ಟರ್ಸ್ ಇಲ್ಲ ಅಂದಾಗ ಹೋದರು. ಉಳಿದವಳು ನಾನು.

"ನಿಮ್ಮ ಮನೆ ಎಲ್ಲಿ?" ಗಿರಿಧರನ್ ಕೇಳಿದರು.

ಕಿಟಕಿಯಿಂದಾಚೆ ಮೇಲಕ್ಕೆ ಬೆರಳು ತೋರಿಸಿದೆ. "ಅಗೋ, ಅಲ್ಲಿ ಸಾರ್."

"ಹಾಗಾದ್ರೆ ನಾಳೆಯಿಂದಲೇ ಬನ್ನಿ" ಎಂದರು.

ಅಷ್ಟೇ ನನ್ನ ನೇಮಕಾತಿ.

ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ತೋಟಗಳ ಚಿಗುರು ಸುಟ್ಟಂತಾಗಿರುತ್ತದೆ. ಎಲೆ ಕಡಿಮೆ. ಫ್ಯಾಕ್ಟರಿ ಅರ್ಧ ನಿದ್ದೆಯಲ್ಲಿರುತ್ತಿತ್ತು. ನಾನು ಮೊದಲ ವಾರಗಳಲ್ಲಿ ಒಳಗೆಲ್ಲ ತಿರುಗಾಡಿ ಜನರ ಪರಿಚಯ ಮಾಡಿಕೊಂಡೆ. ಟೀ ಜರಡಿ ಹಿಡಿಯುವ ಕೋಣೆಯ ಹೆಂಗಸರಿಗೆ ಧೂಳು ಮೂಗಿಗೆ ಹೋಗದಂತೆ ಬಟ್ಟೆಯ ಮುಖಗವಸು ಹೊಲಿಸಿದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದವರಿಗೆ ರಬ್ಬರ್ ಬೂಟು ತರಿಸಿದೆ. ಬೂಟನ್ನು ಹೆಚ್ಚಿನವರು ಜೋಪಾನವಾಗಿ ಮನೆಗೆ ಒಯ್ದು, ಭಾನುವಾರ ಕೋತಗಿರಿ ಸಂತೆಗೆ ಹಾಕಿಕೊಂಡು ಹೋದರು. ಹೊಸ ಬೂಟು ಕೆಸರಾದರೆ ಹೇಗೆ ಮೇಡಂ ಎಂದು ನನ್ನನ್ನೇ ಕೇಳಿದರು.

ನನ್ನ ಮಾತನ್ನು ಖಡಾಖಂಡಿತವಾಗಿ ತಳ್ಳಿಹಾಕಿದವರು ಒಬ್ಬರೇ, ಜಯರಾಮನ್. ಬಾಡಿದ ಎಲೆಯನ್ನು ಕತ್ತರಿಸಿ ಅರೆಯುವ ಮೆಷಿನ್‌ಗಳಿದ್ದ ರೋಲಿಂಗ್ ರೂಮ್ ಅವರದು. ಐವತ್ತು ದಾಟಿದ ಮನುಷ್ಯ. ಅವರ ಚಿಕ್ಕ ವಯಸ್ಸಿನಲ್ಲಿ ಸಿಲೋನಿನ ಟೀ ತೋಟದಿಂದ ವಾಪಸು ಬಂದ ಕುಟುಂಬ. ಹಲ್ಲುಹಲ್ಲಿನ ಎರಡು ರೋಲರ್‌ಗಳು ಗರಗರ ತಿರುಗುತ್ತಿರುವಾಗಲೇ ಮೆಷಿನ್ ಬಾಯಿಯ ಜಾಲರಿ ಎತ್ತಿ, ಅಲ್ಲಿ ಕಟ್ಟಿಕೊಂಡ ಎಲೆಯನ್ನು ಕೈಯಿಂದ ಬಿಡಿಸುತ್ತಿದ್ದರು.

"ಜಯರಾಮಣ್ಣ, ಮೆಷಿನ್ ನಿಲ್ಲಿಸಿ ಕೈ ಹಾಕಿ."

"ಇದು ನನ್ನ ಮಾತು ಕೇಳುತ್ತೆ ಮೇಡಂ. ನೀವು ಬೇರೆಯವರಿಗೆ ಹೇಳಿ."

ಬೇರೆಯವರಿಗೆ ಹೇಳಲು ಏನೂ ಇರಲಿಲ್ಲ. ಆ ಕೋಣೆಯಲ್ಲಿ ಬೇರೆ ಯಾರನ್ನೂ ಅವರು ಮೆಷಿನ್ ಬಾಯಿಯ ಹತ್ತಿರ ಬಿಡುತ್ತಿರಲಿಲ್ಲ. ಅದು ಅಹಂಕಾರ ಎಂದೇ ನಾನು ತಿಳಿದೆ. ದಿನಾ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅವರು ದಿನಾ ಕೈ ಹಾಕುತ್ತಿದ್ದರು. ಒಂದು ದಿನ ಬೇಸತ್ತು, "ನಿಲ್ಲಿಸೋದಕ್ಕೆ ನಿಮಗೇನು ಕಷ್ಟ?" ಎಂದು ಕೂಗಿದೆ.

"ಸ್ವಿಚ್ ಎಲ್ಲಿದೆ ನೋಡಿ" ಎಂದರು ಅವರೂ ಜೋರಾಗಿ.

ಸ್ವಿಚ್ ಇದ್ದದ್ದು ಆಚೆ ಗೋಡೆಯಲ್ಲಿ. ಕನ್ವೇಯರ್ ಬೆಲ್ಟನ್ನು ಸುತ್ತಿ, ಎಲೆಯ ರಸದಿಂದ ಜಾರುವ ನೆಲದ ಮೇಲೆ ಹೋಗಬೇಕು. ಹೋಗಿ ಬರುವಷ್ಟರಲ್ಲಿ ಹಿಂದಿನಿಂದ ಬಂದ ಎಲೆ ರಾಶಿಯಾಗಿರುತ್ತದೆ. ಮೆಷಿನ್‌ನ ಹತ್ತಿರವೇ ಇನ್ನೊಂದು ಸ್ವಿಚ್ ಹಾಕಿಸಿಕೊಡಿ ಎಂದು ಗಿರಿಧರನ್‌ರ ಹತ್ತಿರ ಹೋದೆ. ಅವರು ತಲೆ ಹಿಡಿದುಕೊಂಡರು. ಆ ವರ್ಷ ಟೀ ಬೆಲೆ ವಾರ ವಾರವೂ ಇಳಿಯುತ್ತಿತ್ತು. "ಈಗ ಏನನ್ನೂ ಕೇಳಬೇಡಿ ಹೇಮಾ" ಎಂದರು.

ನಮ್ಮ ಎಲೆಕ್ಟ್ರಿಷಿಯನ್ ಗೋಪಾಲನ್ ಗೂಡಲೂರು ಕಡೆಯವರು, ಮಾತು ಅರ್ಧ ಮಲಯಾಳಂ. ಅವರಿಗೆ ನನ್ನ ಮೇಲೆ ಏನೋ ಕರುಣೆ. ಹಳೆಯ ಸಾಮಾನಿನ ರಾಶಿಯಿಂದ ಒಂದು ಸ್ವಿಚ್ ಹುಡುಕಿ, ಎಣ್ಣೆ ಹಾಕಿ ಸರಿ ಮಾಡಿ, ಅದಕ್ಕೆ ಒಂದು ನೈಲಾನ್ ಹಗ್ಗ ಕಟ್ಟಿ, ಮೆಷಿನ್ ಮತ್ತು ಬೆಲ್ಟಿನ ಉದ್ದಕ್ಕೂ ಎದೆ ಮಟ್ಟದಲ್ಲಿ ಎಳೆದರು. ಎಲ್ಲಿ ನಿಂತು ಹಗ್ಗ ಎಳೆದರೂ ಸಾಕು, ಎಲ್ಲವೂ ನಿಲ್ಲುತ್ತದೆ.

ಜಯರಾಮನ್ ಅದನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ಬಟ್ಟೆ ಒಣಹಾಕೋಕೆ ಚೆನ್ನಾಗಿದೆ" ಎಂದರು. ಹೇಳಿದ್ದಷ್ಟೇ ಅಲ್ಲ, ಮಾರನೆಯ ದಿನ ಮುಖ ತೊಳೆದ ಒದ್ದೆ ಟವೆಲನ್ನು ಅದರ ಮೇಲೆ ಹಾಕಿಯೂ ಹಾಕಿದರು. ಟವೆಲಿನ ಭಾರಕ್ಕೆ ಹಗ್ಗ ಜಗ್ಗಿ ಇಡೀ ಸಾಲು ನಿಂತಿತು. ಯಾಕೆ ನಿಂತಿತು ಎಂದು ಯಾರಿಗೂ ತಿಳಿಯದೆ ಗಿರಿಧರನ್ ಆಫೀಸಿನಿಂದ ಓಡಿ ಬಂದರು. ಜಯರಾಮನ್ ಮೋಟಾರ್ ಮುಟ್ಟಿ ನೋಡುತ್ತಾರೆ, ಬೆಲ್ಟ್ ಬಡಿದು ನೋಡುತ್ತಾರೆ. ಕೊನೆಗೆ ಕಸ ಗುಡಿಸುವ ಪಾಪಾತಕ್ಕ ಸೊಂಟದ ಮೇಲೆ ಕೈಯಿಟ್ಟು, "ಅಯ್ಯಾ, ನಿಮ್ಮ ಲಂಗೋಟಿ ತೆಗೀರಿ, ಮೆಷಿನ್ ಹೊರಡುತ್ತೆ" ಎಂದಳು. ಫ್ಯಾಕ್ಟರಿಗೆ ಫ್ಯಾಕ್ಟರಿಯೇ ನಕ್ಕಿತು. ಜಯರಾಮನ್ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ.

ಪಾಪಾತಕ್ಕನ ಗಂಟಲು ಅಂಥದ್ದು. ಮೆಷಿನ್‌ಗಳೆಲ್ಲ ಓಡುತ್ತಿರುವಾಗಲೂ ಅವಳು ಮಾತಾಡಿದರೆ ಆಚೆ ಕೋಣೆಗೆ ಕೇಳುತ್ತಿತ್ತು. ಗಂಡನನ್ನು ಕಳೆದುಕೊಂಡು, ಮಗಳು ವಳ್ಳಿಯನ್ನು ಗೂಡಲೂರು ಹತ್ತಿರದ ದೇವಾಲ ಎಂಬ ಊರಿನ ಎಸ್ಟೇಟಿಗೆ ಮದುವೆ ಮಾಡಿಕೊಟ್ಟು, ಫ್ಯಾಕ್ಟರಿಯ ಹಿಂದಿನ ಕೆಲಸಗಾರರ ಲೈನ್ ಮನೆಯಲ್ಲಿ ಒಬ್ಬಳೇ ಇದ್ದಳು. ನನ್ನನ್ನು ಮೇಡಂ ಎಂದು ಒಮ್ಮೆಯೂ ಕರೆಯಲಿಲ್ಲ. ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ "ಕಣ್ಣು" ಎನ್ನುತ್ತಿದ್ದಳು. ಜೂನ್, ಜುಲೈಯ ಗಾಳಿಮಳೆಯಲ್ಲಿ ಮಧ್ಯಾಹ್ನ ನಾವೆಲ್ಲ ಟೀ ಒಣಗಿಸುವ ಡ್ರೈಯರ್‌ನ ಒಲೆಯ ಪಕ್ಕ ಬುತ್ತಿ ಬಿಚ್ಚುತ್ತಿದ್ದೆವು. ಒಲೆಯ ಇಟ್ಟಿಗೆಯ ಮೇಲೆ ಡಬ್ಬಿಗಳನ್ನು ಬಿಸಿಗಿಡುವುದು ಅವಳದೇ ಕೆಲಸ. ನನ್ನ ಅವ್ವೆ ಮಾಡಿದ ಉದಕ ಎಂಬ ಅವರೆ ಸಾರು ಅವಳಿಗೆ, ಅವಳ ಒಣಮೀನಿನ ಕುಳಂಬಿನ ವಾಸನೆ ನನಗೆ. ಮನೆಯಲ್ಲಿ ಮಾಂಸ ಮೀನು ಮುಟ್ಟದ ನಾನು ಮೂಗು ಮುಚ್ಚಿಕೊಂಡರೆ, "ನೋಡು, ಆಫೀಸರ್ ಅಮ್ಮನಿಗೆ ಈಗ ಮುಖಗವಸು ಬೇಕಾಯ್ತು" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಆಮೇಲೆ ತಾನೇ ದೂರ ಹೋಗಿ ಕೂತು ತಿನ್ನುತ್ತಿದ್ದಳು. ಹೊರಗೆ ಮೋಡ ಬಾಗಿಲವರೆಗೂ ಬಂದು ನಿಂತಿರುತ್ತಿತ್ತು. ಒಳಗೆ ಬೆಚ್ಚಗೆ. ಎಷ್ಟೋ ದೊಡ್ಡ ಕ್ಯಾಂಟೀನ್‌ಗಳಲ್ಲಿ ಉಂಡಿದ್ದೇನೆ, ಆಮೇಲೆ. ಆ ಒಲೆಯ ಪಕ್ಕದ ಊಟದ ಹಾಗೆ ಯಾವುದೂ ಇಲ್ಲ.

ಅಕ್ಟೋಬರಿನಲ್ಲಿ ಮತ್ತೆ ಎಲೆ ಏರಿತು. ಬೆಲೆ ಬಿದ್ದಿದ್ದರೂ ಚಿಗುರು ಕೇಳಬೇಕಲ್ಲ. ಲಾರಿ ಮೇಲೆ ಲಾರಿ. ಬಾಡಿಸುವ ತೊಟ್ಟಿಗಳು ತುಂಬಿ, ಕೆಳಗೂ ಎಲೆ ಹರಡಿದ್ದರು. ಒಂದು ಮಧ್ಯಾಹ್ನ ನಾನು ರೋಲಿಂಗ್ ರೂಮಿನ ಬಾಗಿಲಲ್ಲಿ ನಿಂತು ಮೇಸ್ತ್ರಿ ಸರವಣನ ಜೊತೆ ಮಾತಾಡುತ್ತಿದ್ದೆ. ಪಾಪಾತಕ್ಕ ಬೆಲ್ಟಿನ ತುದಿಯಲ್ಲಿ ಬಗ್ಗಿ, ಕೆಳಗೆ ಚೆಲ್ಲಿದ ಎಲೆಯನ್ನು ಬಾಚುತ್ತಿದ್ದಳು. ಚಳಿಗೆ ಕುತ್ತಿಗೆಗೆ ಮಫ್ಲರ್ ಸುತ್ತಿದ್ದಳು.

ಮಫ್ಲರಿನ ತುದಿ ಬೆಲ್ಟಿನಡಿ ಸಿಕ್ಕಿದ್ದು ನನಗೆ ಕಾಣಲಿಲ್ಲ. ಅವಳ ತಲೆ ಒಮ್ಮೆಲೇ ಬೆಲ್ಟಿನ ಉರುಳೆಯ ಕಡೆಗೆ ವಾಲಿದ್ದು ಕಂಡಿತು. ಕೂಗಲಿಲ್ಲ. ಅಂಥ ಗಂಟಲಿನವಳಿಗೆ ಕೂಗಲು ಆಗಲೇ ಇಲ್ಲ. ನಾನು ಓಡಲು ಕಾಲೆತ್ತುವಷ್ಟರಲ್ಲಿ ಮೆಷಿನ್‌ನ ಆ ಬದಿಯಿಂದ ಜಯರಾಮನ್ ಇಡೀ ಮೈಯನ್ನೇ ಹಗ್ಗದ ಮೇಲೆ ಹಾಕಿದರು.

ಎಲ್ಲವೂ ನಿಂತಿತು.

ಗೋಪಾಲನ್ ಚಾಕು ತಂದು ಮಫ್ಲರ್ ಕತ್ತರಿಸಿದರು. ಪಾಪಾತಕ್ಕನ ಕುತ್ತಿಗೆಯ ಸುತ್ತ ಕೆಂಪು ಬರೆ, ಕೆನ್ನೆ ಉರುಳೆಗೆ ತಾಗಿ ತರಚಿತ್ತು. ಉಸಿರು ಬಂತು, ಕೆಮ್ಮು ಬಂತು, ಮಾತು ಮಾತ್ರ ಬರಲಿಲ್ಲ. ಕೋತಗಿರಿಯ ಆಸ್ಪತ್ರೆಗೆ ಎಲೆಯ ಜೀಪಿನಲ್ಲೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು. ಡಾಕ್ಟರು ನೋಡಿ, ಏನೂ ಆಗಿಲ್ಲ, ಮುಲಾಮು ಹಚ್ಚಿ ಎಂದರು. ಆಗ ನನಗೆ ಅಳು ಬಂತು. "ನೀನ್ಯಾಕೆ ಅಳ್ತೀಯ ಕಣ್ಣು, ಹೋಗಿದ್ದು ನನ್ನ ಮಫ್ಲರ್" ಎಂದು ಪಾಪಾತಕ್ಕ ಕೀಚು ದನಿಯಲ್ಲಿ ಹೇಳಿದಳು. ಅದೇ ಅವಳ ಮೊದಲ ಮಾತು.

ವಾಪಸು ಬಂದಾಗ ಜಯರಾಮನ್ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ಟೀ ಲೋಟವಿತ್ತು. ನಾನು ಪಕ್ಕದಲ್ಲಿ ಕೂತೆ.

"ನಮ್ಮ ಅಕ್ಕ ಇದ್ದಳು" ಎಂದರು ಅವರು. "ಕಾಳಿಯಮ್ಮ. ಸಿಲೋನಿನಲ್ಲಿ. ಅವಳೂ ಫ್ಯಾಕ್ಟರಿಯಲ್ಲಿ ಮೆಷಿನ್‌ಗೆ ಎಲೆ ಹಾಕ್ತಿದ್ದಳು. ನಾನು ಬುತ್ತಿ ಕೊಡೋಕೆ ಹೋದವನು, ಎದುರಿಗೇ ನಿಂತಿದ್ದೆ. ಕೈ ಹೋಯ್ತು. ಆಮೇಲೆ ಬಹಳ ದಿನ ಬದುಕಲಿಲ್ಲ."

ನಾನು ಅವರ ಕಡೆ ತಿರುಗಿ ಕೂತೆ.

"ಅದಕ್ಕೇ ಇಲ್ಲಿ ಯಾರನ್ನೂ ಬಾಯಿಯ ಹತ್ತಿರ ಬಿಡಲ್ಲ ಅಮ್ಮಾ. ಹೋಗೋದಾದ್ರೆ ನನ್ನ ಕೈಯೇ ಹೋಗ್ಲಿ ಅಂತ."

ಅಷ್ಟು ದಿನ ಪಕ್ಕದಲ್ಲಿ ನಿಂತು ನಾನು ಅಹಂಕಾರವೆಂದು ನೋಡಿದ್ದು ಇದನ್ನು. "ನಿಮ್ಮ ಕೈಯೂ ಬೇಕು ಜಯರಾಮಣ್ಣ" ಎಂದೆ. ಅವರು ತಲೆಯಾಡಿಸಿ ಟೀ ಕುಡಿದರು. ಮರುದಿನದಿಂದ ಮೆಷಿನ್ ನಿಲ್ಲಿಸದೆ ಅವರು ಜಾಲರಿ ಎತ್ತಿದ್ದನ್ನು ನಾನು ನೋಡಲಿಲ್ಲ. ನನ್ನನ್ನು ಮೇಡಂ ಎನ್ನುವುದನ್ನೂ ಬಿಟ್ಟರು.

ಡಿಸೆಂಬರ್ ಬಂತು. ಗಿರಿಧರನ್ ನನ್ನನ್ನು ಆಫೀಸಿಗೆ ಕರೆದು, ಕೂರಲು ಹೇಳಿ, ತಾವು ಎದ್ದು ಕಿಟಕಿಯ ಹತ್ತಿರ ಹೋದರು. ಆಗಲೇ ನನಗೆ ಗೊತ್ತಾಯಿತು.

"ಪಾಲುದಾರರು ಲೆಕ್ಕ ನೋಡಿದ್ರು. ಮುಂದಿನ ವರ್ಷ ನಿಮ್ಮ ಹುದ್ದೆ ಇರೋದಿಲ್ಲ."

"ನನ್ನ ಕೆಲಸದಲ್ಲಿ ಏನಾದ್ರೂ ತಪ್ಪಾಯ್ತಾ ಸಾರ್?"

"ಛೆ. ಈ ವರ್ಷ ಯಾರಿಗೂ ಏನೂ ಆಗಿಲ್ಲ. ಅದಕ್ಕೇ…" ಎಂದು ಅವರು ಮಾತು ನಿಲ್ಲಿಸಿದರು. ಕಿಟಕಿಯ ಕಡೆಗೇ ಮುಖ ಮಾಡಿ, "ಏನೂ ಆಗದ ಕಡೆ ಆಫೀಸರ್ ಯಾಕೆ ಅಂತಾರೆ" ಎಂದು ಮುಗಿಸಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಅವರ ಸಂಬಳವನ್ನೂ ಕಡಿಮೆ ಮಾಡಿದ್ದರು. ನಮ್ಮ ಅಪ್ಪನೂ ಆ ತಿಂಗಳು ಎಲೆ ಕೀಳಿಸುವುದೇ ನಷ್ಟವೆಂದು ಅರ್ಧ ತೋಟವನ್ನು ಹಾಗೇ ಬಿಟ್ಟಿದ್ದರು.

ಅವರೇ ಒಂದು ದಾರಿ ಹೇಳಿದರು. ಇದ್ದವರಲ್ಲೇ ಒಬ್ಬರನ್ನು ಆರಿಸಿ ಈ ಕೆಲಸವನ್ನೂ ಒಪ್ಪಿಸಿ ಹೋಗಿ, ಅವರಿಗೆ ಸಂಬಳದ ಮೇಲೆ ಸ್ವಲ್ಪ ಹೆಚ್ಚು ಕೊಡೋಣ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಸರವಣ. ಪ್ಲಸ್ ಟೂ ಓದಿದವನು, ಇಂಗ್ಲಿಷ್ ಬರುತ್ತಿತ್ತು, ಒಳ್ಳೆಯವನು. ಆದರೆ ಯಾರಿಗೂ ಎದುರಾಡುವವನಲ್ಲ.

ಕೆಲಸ ಹುಡುಕಿ ಬಾಗಿಲು ಬಾಗಿಲು ತಿರುಗಿದ್ದವಳು ನಾನು. ಈಗ ನಾನೇ ಸಂದರ್ಶನ ಮಾಡುವವಳು. ಗೋದಾಮಿನಲ್ಲಿ ಟೀ ಮೂಟೆಯೊಂದರ ಮೇಲೆ ಕೂತೆ. ಸರವಣ ಬಂದು, ಕೊಟ್ಟರೆ ಮಾಡ್ತೀನಿ ಅಕ್ಕ, ಆದ್ರೆ ಮ್ಯಾನೇಜರ್ ಸಾರ್ ಬೇಗ ಬೇಗ ಅಂದಾಗ ನಿಲ್ಸಿ ಅಂತ ಹೇಗೆ ಹೇಳ್ಲಿ ಎಂದ. ಗೋಪಾಲನ್ ಕೈ ಮುಗಿದು, ವೈರ್ ಜೊತೆ ಮಾತಾಡಬಲ್ಲೆ, ಮನುಷ್ಯರ ಜೊತೆ ಆಗದು ಎಂದರು. ಆಮೇಲೆ ಪೊರಕೆ ಹಿಡಿದೇ ಪಾಪಾತಕ್ಕ ಬಂದಳು.

"ಯಾರೂ ಸಿಗಲಿಲ್ವಾ ಕಣ್ಣು?"

"ನೀನು ಮಾಡ್ತೀಯಾ ಅಕ್ಕ?"

ಅವಳು ನಕ್ಕಳು. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದಳು. "ನನಗೆ ಹೆಬ್ಬೆಟ್ಟು ಒತ್ತೋದು ಬಿಟ್ರೆ ಬೇರೆ ಬರಲ್ಲ."

"ಬರೆಯೋದು ಸರವಣ ಬರೀಲಿ. ತಪ್ಪು ಮಾಡಿದವರನ್ನು ಬಯ್ಯೋಕೆ ಯಾರಾದ್ರೂ ಬೇಕು."

"ಬಯ್ಯೋದಕ್ಕೆ ದುಡ್ಡು ಕೊಡ್ತಾರಾ?" ಎಂದು ಅವಳು ನಂಬದೆ ಕೇಳಿದಳು.

ಗಿರಿಧರನ್ ಒಪ್ಪಲಿಲ್ಲ. ಕಸ ಗುಡಿಸುವವಳ ಮಾತನ್ನು ಮೆಷಿನ್‌ನವರು ಕೇಳುತ್ತಾರಾ ಎಂದರು. ನಾನು ಜಯರಾಮನ್‌ರನ್ನು ಕರೆಸಿ, ನೀವೇ ಹೇಳಿ ಎಂದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಸಾರ್, ಅವಳಿಗೆ ಹೆದರದವನು ಈ ಫ್ಯಾಕ್ಟರಿಯಲ್ಲಿ ಒಬ್ಬನೂ ಇಲ್ಲ. ನಾನೂ ಸೇರಿದ ಹಾಗೆ" ಎಂದರು.

ಉಳಿದ ಎರಡು ವಾರ ಅವಳನ್ನು ಜೊತೆಯಲ್ಲಿಟ್ಟುಕೊಂಡು ತಿರುಗಿದೆ. ನನ್ನ ಕೊನೆಯ ವಾರದಲ್ಲಿ ಒಬ್ಬ ಪಾಲುದಾರರು ಕೊಯಮತ್ತೂರಿನಿಂದ ಬಂದರು. ನೀಲಗಿರಿಯ ಚಳಿಗೆ ಹೆದರಿ ಉದ್ದನೆಯ ಶಾಲು ಹೊದ್ದಿದ್ದರು, ತುದಿ ಮೊಣಕಾಲಿಗೆ ಬರುತ್ತಿತ್ತು. ರೋಲಿಂಗ್ ರೂಮಿನ ಬಾಗಿಲಲ್ಲಿ ಪಾಪಾತಕ್ಕ ಪೊರಕೆ ಅಡ್ಡ ಹಿಡಿದಳು.

"ಶಾಲು ತೆಗೆದು ಒಳಗೆ ಬನ್ನಿ, ಸಾಮಿ."

ಅವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. "ನಾನು ಯಾರು ಗೊತ್ತಾ?"

"ನೀವು ಯಾರು ಅಂತ ನನಗೆ ಗೊತ್ತು. ಬೆಲ್ಟಿಗೆ ಗೊತ್ತಿಲ್ಲ."

ಗಿರಿಧರನ್ ಮುಖ ಬಿಳಿಚಿಕೊಂಡಿತು. ಪಾಲುದಾರರು ಅವಳನ್ನೂ, ಅವಳ ಕುತ್ತಿಗೆಯ ಮೇಲೆ ಇನ್ನೂ ಉಳಿದಿದ್ದ ಗೆರೆಯನ್ನೂ ನೋಡಿದರು. ಏನನ್ನಿಸಿತೋ, ಶಾಲು ತೆಗೆದು ಸರವಣನ ಕೈಗೆ ಕೊಟ್ಟು, ಚಳಿಗೆ ತೋಳು ಉಜ್ಜಿಕೊಳ್ಳುತ್ತಾ ಒಳಗೆ ಹೋದರು. ನಾನು ಗೋದಾಮಿನ ಹಿಂದೆ ಹೋಗಿ ಹೊಟ್ಟೆ ತುಂಬ ನಕ್ಕೆ.

ಆ ಒಂದು ವರ್ಷದ ಅನುಭವ ಇದ್ದದ್ದರಿಂದ ಹೊಸೂರಿನ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಆಮೇಲೆ ಇನ್ನೂ ದೊಡ್ಡ ಕಡೆ. ಮದುವೆಯೂ ಆಯಿತು. ಜಯರಾಮನ್ ಹತ್ತೂ ಬೆರಳು ಸಹಿತ ನಿವೃತ್ತರಾಗಿ ಮಗನ ಜೊತೆ ಮೇಟುಪಾಳ್ಯಕ್ಕೆ ಹೋದರೆಂದು ಅಪ್ಪ ಫೋನಿನಲ್ಲಿ ಹೇಳಿದರು. ಫ್ಯಾಕ್ಟರಿ ಬೇರೆಯವರ ಕೈಗೆ ಹೋಯಿತು, ಪಾಪಾತಕ್ಕ ಮಗಳ ಮನೆ ಸೇರಿದಳು.

ಎರಡು ಸಾವಿರದ ಏಳರಲ್ಲಿ ಗೂಡಲೂರಿಗೆ ಒಂದು ಕೆಲಸದ ಮೇಲೆ ಹೋದಾಗ, ದೇವಾಲದ ಬಸ್ ಹಿಡಿದು ಪಾಪಾತಕ್ಕನನ್ನು ನೋಡಲು ಹೋದೆ. ಮಗಳ ಲೈನ್ ಮನೆಯ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಕೂತಿದ್ದಳು. ಕಣ್ಣು ಮಂಜಾಗಿತ್ತು. ದನಿ ಹಿಡಿದು ನನ್ನನ್ನು ಗುರುತಿಸಿದಳು. ವಳ್ಳಿ ಹಲಸಿನ ತೊಳೆ ಬಿಡಿಸಿ ತಟ್ಟೆ ತುಂಬ ತಂದಿಟ್ಟಳು. ನಾವು ಹಳೆಯದನ್ನು ಹೆಚ್ಚೇನೂ ಮಾತಾಡಲಿಲ್ಲ. ನನಗೆಷ್ಟು ಮಕ್ಕಳು, ಗಂಡ ಬಯ್ಯುತ್ತಾನಾ, ಯಾಕಿಷ್ಟು ಬಡವಾಗಿದ್ದೀಯ, ಇಂಥವೇ. ಹೊರಡುವಾಗ ನನ್ನ ಎರಡು ಕೆನ್ನೆ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಪಕ್ಕದಲ್ಲಿ ಎಸ್ಟೇಟಿನ ಫ್ಯಾಕ್ಟರಿ ಓಡುತ್ತಿತ್ತು. ಬಾಡುತ್ತಿರುವ ಎಲೆಯ ಆ ಹಸಿ ಹಸಿ ಸಿಹಿ ವಾಸನೆ ಗಾಳಿಯಲ್ಲಿ ತೇಲಿ ಬಂತು. ಬಸ್ ಬರುವವರೆಗೂ ನಾನು ಅಲ್ಲೇ ನಿಂತಿದ್ದೆ.